ಎತ್ತಿಗೆ ಹಲ್ಲು ನೋಡ್ತೀರಿ, ತೊಟ್ಟಿಲಿಗೆ ಏನು ನೋಡ್ತೀರಿ?

ತುಮಕೂರು: ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಗೆ ಹೋದವರಿಗೆ ಈ ನೋಟ ಹೊಸದೇನಲ್ಲ. ಹಳ್ಳಿಕಾರ್ ಜೋಡಿಯ ಮುಂದೆ ನಿಂತ ರೈತ ಎತ್ತಿನ ತುಟಿ ಎತ್ತಿ ಹಲ್ಲು ಎಣಿಸುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ಅಂತ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ, ಗೊರಸು ತಟ್ಟಿ, ಸುಳಿ ನೋಡಿ, ಜೊತೆಗೆ ಬಂದವರನ್ನೂ ಒಂದು ಮಾತು ಕೇಳಿ, ಆಮೇಲೆ ಟವಲಿನೊಳಗೆ ಬೆರಳು ಹಿಡಿಯೋದು. ಅದೂ ಒಂದೇ ಸಲಕ್ಕೆ ಕುದುರುವ ವ್ಯಾಪಾರವಲ್ಲ.

ಅದೇ ರೈತ ಸಂಜೆ ಮಕ್ಕಳು ಮರಿ ಕರೆದುಕೊಂಡು ವಸ್ತುಪ್ರದರ್ಶನದ ಕಡೆ ಬರುತ್ತಾನೆ. ದುಡ್ಡು ಕೊಟ್ಟು ಟಿಕೆಟ್ ಹರಿಸಿ, ಹೆಂಡತಿ ಮಕ್ಕಳನ್ನು ಜೈಂಟ್ ವೀಲಿನ ತೊಟ್ಟಿಲಲ್ಲಿ ಕೂರಿಸಿ, ಅಡ್ಡ ಸರಳು ಹಾಕಿದ್ದೇ ತಡ, ಮೇಲಕ್ಕೆ ಕಳಿಸಿಬಿಡುತ್ತಾನೆ. ಈ ತೊಟ್ಟಿಲಿಗೆ ವಯಸ್ಸೆಷ್ಟು, ಅಚ್ಚು ಯಾವ ಕಾಲದ್ದು, ಬೋಲ್ಟು ಬಿಗಿ ಮಾಡಿದ್ದು ಯಾವಾಗ? ಕೇಳುವವರಿಲ್ಲ. ಯಾರಾದರೂ ಕೇಳಿದರೆ ಹಿಂದೆ ಕ್ಯೂನಲ್ಲಿ ನಿಂತವರೇ ಬೇಸರಪಟ್ಟುಕೊಳ್ಳುತ್ತಾರೆ. 'ಅಯ್ಯೋ ಹತ್ತಿ ಸ್ವಾಮಿ, ಏನೂ ಆಗಲ್ಲ.'

ಆಗಿರುವುದುಂಟು. ಪಾವಗಡದಿಂದ ಗಡಿ ದಾಟಿದರೆ ಸಿಗುವ ಅನಂತಪುರದಲ್ಲಿ 2017ರ ಮೇ ತಿಂಗಳಲ್ಲಿ ಪ್ರದರ್ಶನದ ಜೈಂಟ್ ವೀಲಿನಿಂದ ತೊಟ್ಟಿಲೊಂದು ಕಳಚಿ ಬಿದ್ದು 10 ವರ್ಷದ ಹುಡುಗಿ ಸತ್ತಳು. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಪಾರ್ಕಿನಲ್ಲಿ ಲೋಲಕದಂತೆ ತೂಗುವ ಯಂತ್ರದ ತೋಳೇ ಮುರಿದು ಇಬ್ಬರು ಸತ್ತರು, ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಗಾಯಗೊಂಡರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಮೇಲಕ್ಕೇರಿದ ಉಯ್ಯಾಲೆ ಜನರ ಸಮೇತ ದೊಪ್ಪನೆ ನೆಲಕ್ಕೆ ಬಿತ್ತು. ಊರು ಬೇರೆ, ಯಂತ್ರ ಬೇರೆ. ಹತ್ತಿದವರು ಮಾತ್ರ ಮೂರೂ ಕಡೆ ನಂಬಿಯೇ ಹತ್ತಿದ್ದರು.

ಕೊಂಬಿಗೆ ಬಣ್ಣ

ದನದ ವ್ಯಾಪಾರದಲ್ಲಿ ಒಂದು ಹಳೇ ಉಪಾಯವಿದೆ. ವಯಸ್ಸಾದ ಎತ್ತಿನ ಕೊಂಬು ಹೆರೆದು, ಎಣ್ಣೆ ಸವರಿ, ಬಣ್ಣ ಹಚ್ಚಿ, ಟೇಪು ಕುಚ್ಚು ಕಟ್ಟಿ ನಿಲ್ಲಿಸಿದರೆ ದೂರದಿಂದ ಹೋರಿ ಥರ ಕಾಣುತ್ತೆ. ಬಲ್ಲವರು ಮೋಸ ಹೋಗುವುದಿಲ್ಲ, ಯಾಕಂದರೆ ಹಲ್ಲು ಸುಳ್ಳು ಹೇಳೋದಿಲ್ಲ.

ಜಾತ್ರೆಯ ಆಟದ ಯಂತ್ರಗಳಿಗೂ ವರ್ಷಾವರ್ಷ ಕೊಂಬಿನ ಬಣ್ಣ ಬೀಳುತ್ತದೆ. ಒಂದು ಕಾಲಕ್ಕೆ ಸುತ್ತುವ ಆಟದಲ್ಲಿ ಕುದುರೆ, ಹಂಸ, ಸಿಂಹ ಇಷ್ಟೇ ಇದ್ದದ್ದು. ಆಮೇಲೆ ಮಿಕ್ಕಿ ಮೌಸ್ ಬಂತು, ಛೋಟಾ ಭೀಮ್ ಬಂದ. ಕೊಲಂಬಸ್ ದೋಣಿಯ ಮೂತಿಗೆ ಡ್ರ್ಯಾಗನ್ ತಲೆ ಹತ್ತಿತು. 2021ರ ನಂತರ ಪುನೀತ್ ರಾಜ್‌ಕುಮಾರ್ ನಗುಮುಖ, 2023ರ ನಂತರ ಚಂದ್ರಯಾನದ ರಾಕೆಟ್ಟು. ಹೆಬ್ಬಾಗಿಲಂತೂ ಒಂದು ವರ್ಷ ತಾಜಮಹಲು, ಇನ್ನೊಂದು ವರ್ಷ ಕೇದಾರನಾಥ. ಜನಕ್ಕೆ ಹೊಸದು ಬೇಕು, ಹೊಸದು ಕಂಡರೆ ಟಿಕೆಟ್ ಹೋಗುತ್ತೆ. ಇದರಲ್ಲಿ ತಪ್ಪು ಹುಡುಕುವುದು ಸರಿಯಲ್ಲ. ಜಾತ್ರೆ ಅಂದಮೇಲೆ ಬಣ್ಣ ಇರಲೇಬೇಕು.

ಆದರೆ ಹೊಸ ವೇಷದ ಒಳಗಿರುವುದು ಅದೇ ಹಳೇ ಕಬ್ಬಿಣ. ಫೈಬರ್ ಬೊಂಬೆಯ ಮುಖ ಬದಲಾದ ಮಾತ್ರಕ್ಕೆ ಅದನ್ನು ಹೊತ್ತ ಚಾನಲ್ಲು, ಕೊಳವೆ, ಬೇರಿಂಗು ಬದಲಾಗಲಿಲ್ಲ. ಬದಲಿಗೆ ವೇಷವೇ ಕೆಲವು ಸಲ ಹೊರೆಯಾಗುತ್ತದೆ. ದೊಡ್ಡ ಡ್ರ್ಯಾಗನ್ ತಲೆ ಕೂರಿಸಿದರೆ ಮೂಲದಲ್ಲಿ ಲೆಕ್ಕಹಾಕದ ತೂಕ ಒಂದು ಕಡೆ ಬೀಳುತ್ತದೆ, ಗಾಳಿ ಬಂದಾಗ ಹಿಡಿಯುವ ಮೈಯೂ ಹೆಚ್ಚುತ್ತದೆ. ಅದನ್ನು ಬಿಗಿಯಲು ಕೊಳವೆಗೆ ಡ್ರಿಲ್ ಹಾಕಿ ತೂತು ಕೊರೆದರೆ ಅಲ್ಲೇ ಬಿರುಕಿಗೆ ಬಾಗಿಲು ತೆಗೆದಂತೆ. ಆ ತೂತಿನಿಂದ ಮಳೆನೀರು ಒಳಗಿಳಿದು ಕೊಳವೆ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗಡೆ ಎನಾಮಲ್ ಪೇಂಟು ಫಳಫಳ!

ತಂತಿ ಬಗ್ಗಿಸಿದ ಲೆಕ್ಕ

ಕಬ್ಬಿಣ ಯಾಕೆ ಮುರಿಯುತ್ತೆ? ಭಾರ ಹೆಚ್ಚಾದರೆ ಮುರಿಯುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಭಾರ ಹೆಚ್ಚಾಗದಿದ್ದರೂ ಮುರಿಯುತ್ತೆ ಅನ್ನೋದು ಗ್ಯಾರೇಜಿನವರಿಗೆ ಗೊತ್ತು. ಒಂದು ತಂತಿಯನ್ನು ಕೈಯಲ್ಲಿ ಹಿಡಿದು ಅತ್ತ ಇತ್ತ ಹತ್ತಾರು ಸಲ ಬಗ್ಗಿಸಿದರೆ ಪಟ್ಟಂತ ತುಂಡಾಗುತ್ತದಲ್ಲ, ಅದೇ ಲೆಕ್ಕ. ತೂಗುವ ದೋಣಿಯ ತೋಳು ಪ್ರತಿ ತೂಗಿಗೂ ಒಮ್ಮೆ ಹೀಗೆ, ಒಮ್ಮೆ ಹಾಗೆ ಎಳೆತ ತಿನ್ನುತ್ತದೆ. ತಿರುಗುವ ಅಚ್ಚಿನ ಒಂದೊಂದು ಜಾಗವೂ ಒಂದು ಸುತ್ತಿಗೆ ಒಮ್ಮೆ ಎಳೆತ, ಒಮ್ಮೆ ಒತ್ತಡ ನೋಡುತ್ತದೆ. ಜಾತ್ರೆಯ ಒಂದು ಸಂಜೆಗೆ ಎಷ್ಟು ಸುತ್ತಾದವು, ಒಂದು ಹಂಗಾಮಿಗೆ ಎಷ್ಟಾದವು, ಲೆಕ್ಕ ಹಾಕಿ ನೋಡಿ. ಬಿರುಕು ಹುಟ್ಟುವುದು ಬಹುತೇಕ ವೆಲ್ಡಿಂಗ್ ಅಂಚಿನಲ್ಲಿ, ಕೂದಲೆಳೆಯಷ್ಟು. ಅದರ ಮೇಲೆ ಒಂದು ಕೈ ಪೇಂಟು ಬಿದ್ದರೆ ಮುಗಿಯಿತು, ಮುರಿಯುವ ತನಕ ಯಾರ ಕಣ್ಣಿಗೂ ಕಾಣೋದಿಲ್ಲ.

ಊರಿಂದ ಊರಿಗೆ ಹೋಗುವ ಯಂತ್ರಕ್ಕೆ ಇನ್ನೊಂದು ಕಷ್ಟ. ಒಂದು ಜಾತ್ರೆ ಮುಗಿದ ರಾತ್ರಿಯೇ ಬಿಚ್ಚಿ ಲಾರಿಗೆ ಹಾಕುತ್ತಾರೆ, ಮುಂದಿನ ಊರಲ್ಲಿ ಜೋಡಿಸುತ್ತಾರೆ. ನಟ್ಟು ಬೋಲ್ಟು ಗೋಣಿಚೀಲದಲ್ಲಿ ಬರುತ್ತವೆ. ಒಂದೇ ಬೋಲ್ಟನ್ನು ಬಿಚ್ಚಿ ಬಿಗಿದು ಬಿಚ್ಚಿ ಬಿಗಿದು ಮರೆ ಸವೆಯುತ್ತದೆ. ಪಿನ್ನು ಕಳೆದ ಕಡೆ ಮೊಳೆ ಬಗ್ಗಿಸಿ ತುರುಕುವ ಕೈ ಎಲ್ಲ ಕಸುಬಿನಲ್ಲೂ ಇದೆ, ಇಲ್ಲಿ ಅದು ನಡೆಯಕೂಡದು. ನೆಲವೂ ಒಂದೇ ಥರ ಇರೋದಿಲ್ಲ. ಇವತ್ತು ಗಟ್ಟಿ ಮೈದಾನ, ನಾಳೆ ಕಟಾವಾದ ಗದ್ದೆ ಬಯಲು, ನಾಡಿದ್ದು ಕೆರೆ ಅಂಗಳ. ಕಾಲಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮಟ್ಟ ನೋಡಿ ನಿಲ್ಲಿಸಿರುತ್ತಾರೆ. ರಾತ್ರಿ ಒಂದು ಹದ ಮಳೆ ಬಿದ್ದು ಒಂದು ಕಾಲು ಎರಡು ಬೆರಳು ಕುಸಿದರೆ ಅಚ್ಚಿನ ಮಟ್ಟ ತಪ್ಪುತ್ತದೆ. ಬೆಳಿಗ್ಗೆ ಮಟ್ಟಗೋಲು ಇಟ್ಟು ನೋಡಿದರೆ ಐದು ನಿಮಿಷದ ಕೆಲಸ, ನೋಡದಿದ್ದರೆ ಇಡೀ ದಿನ ಬೇರಿಂಗು ನರಳುತ್ತದೆ.

ತೊಟ್ಟಿಲು ತಿರುಗಿಸುವ ಹುಡುಗನ ಕಸುಬೂ ಸಣ್ಣದಲ್ಲ. ಹತ್ತು ಜನ ಬಂದರು ಅಂತ ಹತ್ತು ತೊಟ್ಟಿಲನ್ನು ಒಂದೇ ಕಡೆ ತುಂಬುವಂತಿಲ್ಲ. ಇಲ್ಲಿ ಇಬ್ಬರು ಕೂತರೆ ಎದುರು ಬದಿಯಲ್ಲಿ ಇಬ್ಬರು ಕೂರಬೇಕು. ಹಾಗಾಗದಿದ್ದರೆ ಭಾರ ಒಂದೇ ಕಡೆ ವಾಲಿ ಮೋಟಾರಿಗೂ ಬ್ರೇಕಿಗೂ ಜಗ್ಗಾಟ. 'ನಮ್ಮನ್ನ ಮೊದಲು ಹತ್ತಿಸಪ್ಪಾ' ಅಂತ ಗಲಾಟೆ ಮಾಡೋರು ಇದನ್ನು ತಿಳಿದಿದ್ದರೆ ಚೆನ್ನ.

ಹಳೇದಾದರೆ ಎಸೆಯಬೇಕೆ?

ಎಸೆಯಬೇಕಿಲ್ಲ. 1893ರಲ್ಲಿ ಅಮೆರಿಕದ ಚಿಕಾಗೋ ಪ್ರದರ್ಶನಕ್ಕೆ ಫೆರಿಸ್ ಎಂಬ ಎಂಜಿನಿಯರ್ ಕಟ್ಟಿದ 264 ಅಡಿ ಎತ್ತರದ ಮೊದಲ ಚಕ್ರ ಹದಿಮೂರೇ ವರ್ಷಕ್ಕೆ, 1906ರಲ್ಲಿ ಗುಜರಿ ಆಯಿತು. ಆದರೆ ಆಸ್ಟ್ರಿಯಾದ ವಿಯೆನ್ನಾದಲ್ಲಿ 1897ರಲ್ಲಿ ನಿಂತ ಚಕ್ರ ಇವತ್ತಿಗೂ ತಿರುಗುತ್ತಿದೆ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ ಅದು ಸುಟ್ಟುಹೋಗಿತ್ತು. ರಿಪೇರಿ ಮಾಡಿ 1947ರಲ್ಲಿ ಮತ್ತೆ ತಿರುಗಿಸುವಾಗ ಅಲ್ಲಿಯವರು ಮೊದಲಿದ್ದ 30 ಡಬ್ಬಿ ತೂಗುಹಾಕಲಿಲ್ಲ, 15 ಮಾತ್ರ ಹಾಕಿದರು. ಮುದಿ ಎತ್ತಿಗೆ ಅರ್ಧ ಹೊರೆ. ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಶಾಲೆಗಳ ಟೂರ್ ಬಸ್ಸು ಬಿಡದಿಯ ವಂಡರ್‌ಲಾ ಕಡೆ ಹೋಗುವುದು ರೂಢಿಯಾಗಿದೆ. 2005ರಲ್ಲಿ ಶುರುವಾದ ಆ ಪಾರ್ಕಿಗೂ ಈಗ ಇಪ್ಪತ್ತು ದಾಟಿತು. ಆ ಕಂಪನಿ ತನ್ನ ಆಟದ ಯಂತ್ರಗಳಲ್ಲಿ ಕೆಲವನ್ನು ತಾನೇ ತಯಾರಿಸುತ್ತದೆ. ಇಂಥ ಖಾಯಂ ಪಾರ್ಕುಗಳಿಗೆ ಇರುವ ಅನುಕೂಲ ಎಂದರೆ ಯಂತ್ರ ನಿಂತಲ್ಲೇ ನಿಂತಿರುತ್ತದೆ, ವರ್ಕ್‌ಶಾಪು ಪಕ್ಕದಲ್ಲೇ ಇರುತ್ತದೆ, ಗೇಟು ತೆಗೆಯುವ ಮುಂಚೆ ಬೆಳಿಗ್ಗೆ ಖಾಲಿ ಓಡಿಸಿ ನೋಡುವ ಪದ್ಧತಿ ಇರುತ್ತದೆ. ಜಾತ್ರೆಯ ತೊಟ್ಟಿಲಿಗೆ ಇವ್ಯಾವುವೂ ಇಲ್ಲ. ಬಿಡದಿಯ ಟಿಕೆಟ್ಟು ಕೊಳ್ಳಲಾಗದ ಮನೆಯ ಮಕ್ಕಳು ಹತ್ತುವುದು ಮಾತ್ರ ಈ ತೊಟ್ಟಿಲನ್ನೇ.

ಗುಬ್ಬಿಯಲ್ಲಿ ತೇರು, ಕುಣಿಗಲ್ಲಿನಲ್ಲಿ ಕುದುರೆ

ವೇಷ ಮತ್ತು ಯಂತ್ರ ಎರಡನ್ನೂ ಒಟ್ಟಿಗೆ ನಿಭಾಯಿಸುವ ವಿದ್ಯೆ ಈ ಜಿಲ್ಲೆಗೆ ಗೊತ್ತಿಲ್ಲದ್ದೇನಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ, ವೀರಣ್ಣನವರ ಕಾಲದಲ್ಲಿ, 1934ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತು. ನೋಡುವವರ ಕಣ್ಣು ಪರದೆ, ಕಿರೀಟ, ಆನೆಯ ಮೇಲೆ. ಆದರೆ ಆನೆ ನಿಲ್ಲುವ ಜಾಗ ಆನೆಯನ್ನು ತಡೆಯುತ್ತದೋ ಇಲ್ಲವೋ ನೋಡದೆ ಆ ಆಟ ಕಟ್ಟಲಾಗುತ್ತದೆಯೇ?

ಅದೇ ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ತೇರು ಎಳೆಯುತ್ತಾರೆ, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ತೇರು ಎಳೆಯುತ್ತಾರೆ. ತೇರು ಹೊರಡುವ ಮುಂಚೆ ಚಕ್ರ, ಅಚ್ಚು ನೋಡಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನಲ್ಲಿ ತೇರಿನ ಅಚ್ಚು ಮುರಿದು ತೇರೇ ಮಗುಚಿದ ಮೇಲಂತೂ ಎಲ್ಲರಿಗೂ ಭಯ ಹತ್ತಿದೆ. ದೇವರು ಕೂರುವ ಗಾಡಿಗೆ ಎಂಜಿನಿಯರ್ ಸಹಿ ಬೇಕು ಅನ್ನೋದಾದರೆ ಮಕ್ಕಳು ಕೂರುವ ಗಾಡಿಗೆ ಬೇಡವೇ?

ಕುಣಿಗಲ್ಲಿನ ಸಂಗತಿ ಇನ್ನೂ ಸ್ವಾರಸ್ಯ. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆಗೆ ಹೆಸರಾದ ಊರು. ರೇಸ್ ಕುದುರೆ ಸಾಕುವ ಫಾರಮ್ಮುಗಳಲ್ಲಿ ಗೊರಸು ಕೆತ್ತಲು ಒಬ್ಬ, ಮೈ ಉಜ್ಜಲು ಒಬ್ಬ, ಕಾಲು ಊದಿದರೆ ಡಾಕ್ಟರು. ಕುದುರೆ ಕುಂಟಿದರೆ ಲಕ್ಷಾಂತರ ರೂಪಾಯಿ ಹೋಯಿತು ಅಂತ ಅಷ್ಟು ಜೋಪಾನ. ಜಾತ್ರೆಯ ಫೈಬರ್ ಕುದುರೆಯನ್ನು ನಿಲ್ಲಿಸಿದ ಕಂಬದ ಬುಡ ತುಕ್ಕು ಹಿಡಿದರೆ ಅದಕ್ಕೆ ಡಾಕ್ಟರು ಯಾರು?

ಕಾಗದ ಇದೆ, ಕಣ್ಣು ಇದೆಯೇ?

ಪ್ರದರ್ಶನ ನಡೆಸಬೇಕಾದರೆ ಸ್ಥಳೀಯ ಸಂಸ್ಥೆಯ ಅನುಮತಿ, ಪೊಲೀಸರ ಅನುಮತಿ ಬೇಕು. ಲೋಕೋಪಯೋಗಿ ಇಲಾಖೆ, ವಿದ್ಯುತ್ ಪರಿವೀಕ್ಷಣಾಲಯ, ಅಗ್ನಿಶಾಮಕದವರ ಕಾಗದಗಳನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ಆಟದ ಯಂತ್ರಗಳ ಸುರಕ್ಷತೆಗೆಂದೇ 15475 ನಂಬರಿನ ಭಾರತೀಯ ಮಾನಕವೊಂದು 2004ರಲ್ಲೇ ಬಂದಿದೆ. ಆದರೆ ಮಾನಕ ಅಂದರೆ ತಾನೇ ತಾನಾಗಿ ಕಾನೂನಲ್ಲ. ಪಾಲಿಸಲೇಬೇಕು ಅಂತ ಅನುಮತಿ ಪತ್ರದಲ್ಲಿ ಷರತ್ತು ಹಾಕಿದರೆ ಅದಕ್ಕೆ ಹಲ್ಲು ಬರುತ್ತದೆ, ಇಲ್ಲದಿದ್ದರೆ ಅದು ಬೀರುವಿನಲ್ಲಿರುವ ಪುಸ್ತಕ.

ಇನ್ನೊಂದು ತೊಡಕಿದೆ. ಎಂಜಿನಿಯರ್ ಬಂದು ನೋಡುವುದು ಯಂತ್ರ ನಿಂತ ಮೇಲೆ, ಬಣ್ಣ ಬಳಿದ ಮೇಲೆ, ಬಹಳಷ್ಟು ಸಲ ಉದ್ಘಾಟನೆಯ ಗಡಿಬಿಡಿಯಲ್ಲಿ. ಆಗ ಕಾಣುವುದು ಡ್ರ್ಯಾಗನ್ ತಲೆ ಮಾತ್ರ. ನೋಡಬೇಕಾದ್ದು ಬಣ್ಣಕ್ಕೆ ಮುಂಚೆ. ಅದಕ್ಕೆ ದೊಡ್ಡ ಪ್ರಯೋಗಾಲಯವೂ ಬೇಕಾಗಿಲ್ಲ. ವೆಲ್ಡಿಂಗ್ ಜಾಗ ಉಜ್ಜಿ, ಕೆಂಪು ದ್ರವವೊಂದನ್ನು ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿಯ ದ್ರವ ಸಿಂಪಡಿಸಿದರೆ ಬಿರುಕಿದ್ದ ಕಡೆ ಕೆಂಪು ಗೆರೆ ಎದ್ದು ಕಾಣುತ್ತದೆ. ದೊಡ್ಡ ವರ್ಕ್‌ಶಾಪಿನವರಿಗೆ ಇದು ಗೊತ್ತಿರುವ ವಿದ್ಯೆ. ಮೂರು ಡಬ್ಬಿ ಸ್ಪ್ರೇ, ಒಂದಿಷ್ಟು ತಾಳ್ಮೆ. ಆಮೇಲೆ ತೊಟ್ಟಿಲುಗಳಲ್ಲಿ ಜನರ ತೂಕದಷ್ಟು ಮರಳು ಮೂಟೆ ಇಟ್ಟು ಒಂದು ಗಂಟೆ ತಿರುಗಿಸಿ ನೋಡಬಹುದು. ಮರಳು ಮೂಟೆ ಬಿದ್ದರೆ ಪೇಪರಿನಲ್ಲಿ ಸುದ್ದಿ ಬರೋದಿಲ್ಲ.

ಟಿಕೆಟ್ ಕೊಳ್ಳುವವರು ನೋಡಬಹುದಾದ್ದೂ ಇದೆ. ಒಳ್ಳೆಯ ಮೇಸ್ತ್ರಿ ಬೋಲ್ಟು ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬೋಲ್ಟಿಗೆ ಸೇರುವಂತೆ ಹಳದಿ ಪೇಂಟಿನ ಒಂದು ಗೀಟು ಎಳೆಯುತ್ತಾನೆ. ಗೀಟು ನೇರ ಇದ್ದರೆ ನಟ್ಟು ಅಲ್ಲಾಡಿಲ್ಲ, ಮುರಿದು ಎರಡಾಗಿ ಕಂಡರೆ ಸಡಿಲವಾಗಿದೆ. ಇಡೀ ಯಂತ್ರಕ್ಕೆ ಬಳಿದ ಬಣ್ಣದಲ್ಲಿ ನಿಜ ಹೇಳುವ ಬಣ್ಣ ಅದೊಂದೇ. ಅಡ್ಡ ಸರಳಿಗೆ ಕೊಂಡಿ ಮತ್ತು ಪಿನ್ನು ಎರಡೂ ಇದೆಯೇ, ಸುತ್ತ ಬೇಲಿ ಇದೆಯೇ, ಗಾಳಿ ಜೋರಾದಾಗ ನಿಲ್ಲಿಸುತ್ತಾರೆಯೇ, ತಿರುಗಿಸುವವನು ಕುಡಿದಿಲ್ಲವೇ, ಕ್ಯೂನಲ್ಲಿ ನಿಂತ ಹೊತ್ತಿನಲ್ಲಿ ಇಷ್ಟನ್ನು ನೋಡಲು ಎಂಜಿನಿಯರಿಂಗ್ ಓದಬೇಕಿಲ್ಲ. ಟಿಕೆಟ್ ಕಿಂಡಿಯ ಪಕ್ಕ ತಪಾಸಣೆಯ ಕಾಗದ, ತಾರೀಕು, ಸಹಿ ಅಂಟಿಸಬೇಕು ಅಂತ ಪಾಲಿಕೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ಒಂದು ಸಾಲಿನ ಷರತ್ತು ಹಾಕಿದರೆ ಸಾಕು, ಅದಕ್ಕೆ ಬಜೆಟ್ಟೂ ಬೇಡ.

ಯಂತ್ರದ ಮಾಲೀಕರದೂ ಒಂದು ಮಾತಿದೆ, ಅದು ಸುಳ್ಳಲ್ಲ. ನೆಲಬಾಡಿಗೆ ಹರಾಜಿನಲ್ಲಿ ಏರುತ್ತದೆ, ಡೀಸೆಲ್ ಏರುತ್ತದೆ, ಲಾರಿ ಬಾಡಿಗೆ ಏರುತ್ತದೆ, ಎರಡು ದಿನ ಮಳೆ ಬಂದರೆ ಬಂಡವಾಳ ನೀರುಪಾಲು. ಖರ್ಚು ಕಡಿಮೆ ಮಾಡಬೇಕಾದಾಗ ಮೊದಲು ಕೈ ಬೀಳುವುದು ಜನರ ಕಣ್ಣಿಗೆ ಕಾಣದ ಕಡೆಗೆ. ಬಣ್ಣ ಬಿಟ್ಟರೆ ಗಿರಾಕಿ ಬರಲ್ಲ, ಬೇರಿಂಗು ಬಿಟ್ಟರೆ ಸದ್ಯಕ್ಕೆ ಯಾರಿಗೂ ಗೊತ್ತಾಗಲ್ಲ. ಹರಾಜು ಕೂಗುವವರು ಹೆಚ್ಚು ಕೂಗಿದವರಿಗೆ ಜಾಗ ಕೊಡುವ ಬದಲು ತಪಾಸಣೆ ಮಾಡಿಸಿದವರಿಗೆ ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟರೆ ಈ ಲೆಕ್ಕ ತಿರುಗುತ್ತದೆ.

ಆಷಾಢದಲ್ಲಿ ಜಾತ್ರೆ ಕಡಿಮೆ. ಬಿಚ್ಚಿಟ್ಟ ಕಬ್ಬಿಣದ ಮೇಲೆ ಟಾರ್ಪಾಲು ಹೊದಿಸಿ, ಮಳೆ ನಿಂತ ಮೇಲೆ ಉಜ್ಜಿ, ಗ್ರೀಸು ಹಾಕಿ, ಬೇಕಾದ ಭಾಗ ಬದಲಿಸುವ ಕಾಲ ಅದೇ. ಅದು ಕಳೆದರೆ ಗಣೇಶನ ಹಬ್ಬ, ಮೈಸೂರಿನ ದಸರಾ ವಸ್ತುಪ್ರದರ್ಶನ, ಆಮೇಲೆ ಶಿವರಾತ್ರಿಯ ಹೊತ್ತಿಗೆ ಲಾರಿಗಳು ಸಿದ್ಧಗಂಗೆಯ ಕಡೆ ತಿರುಗುತ್ತವೆ. ಅನುಮತಿಯ ಅರ್ಜಿಗಳು ಸಾಹೇಬರ ಟೇಬಲ್ಲಿಗೆ ಬರುವುದು ಅದಕ್ಕೆ ಒಂದೆರಡು ವಾರ ಮುಂಚೆ.