ಬೊಂಬೆ ಚನ್ನಪಟ್ಟಣದ್ದು, ಡಬ್ಬಿಯ ಲೆಕ್ಕ ಜರ್ಮನಿಯದ್ದು!

ಬೆಂಗಳೂರು–ಮೈಸೂರು ಬಸ್ಸಿನಲ್ಲಿ ಓಡಾಡುವವರಿಗೆ ಚನ್ನಪಟ್ಟಣದ ಬೊಂಬೆ ಅಂಗಡಿಗಳ ಪರಿಚಯ ಹೇಳಬೇಕಿಲ್ಲ. 2023ರಲ್ಲಿ ದೊಡ್ಡ ರಸ್ತೆ ಊರನ್ನು ಬಳಸಿ ಹೋದ ಮೇಲೆ ಕಾರು ನಿಲ್ಲಿಸಿ ಬೊಂಬೆ ಕೊಳ್ಳುವ ಗಿರಾಕಿ ಕಮ್ಮಿಯಾದರು. ಹಾಗಿರುವಾಗ ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚಿದ ಬೊಂಬೆಯನ್ನು ಮೊಬೈಲಿನಲ್ಲೇ ಫೋಟೋ ಹಾಕಿ ನೇರವಾಗಿ ಪರದೇಶಕ್ಕೆ ಮಾರೋಣ ಅನ್ನುವವರು ಹುಟ್ಟಿಕೊಂಡರೆ ಆಶ್ಚರ್ಯವೇನಿದೆ? ಮಧ್ಯದವನ ಕಮಿಷನ್ನೂ ಉಳೀತು.

ಆದರೆ ಸ್ವಾಮಿ, ಬೊಂಬೆ ಸುತ್ತಿ ಕಳಿಸುವ ರಟ್ಟಿನ ಡಬ್ಬಿ ಇದೆಯಲ್ಲ, ಕಿರಿಕಿರಿ ಇರುವುದೇ ಅಲ್ಲಿ.

2022ರ ಜುಲೈ 1 ನಮ್ಮ ಅಂಗಡಿಯವರಿಗೆ ಚೆನ್ನಾಗಿ ನೆನಪಿರುತ್ತದೆ. ಪ್ಲಾಸ್ಟಿಕ್ ಸ್ಟ್ರಾ, ಚಮಚ, ತಟ್ಟೆಗಳಿಗೆ ದೇಶದಲ್ಲೆಲ್ಲ ನಿಷೇಧ ಬಂದ ದಿನ ಅದು. ಅದೇ ದಿನ ಜರ್ಮನಿಯಲ್ಲೂ ಒಂದು ಕಟ್ಟುಪಾಡು ಬಿಗಿಯಾಯಿತು. ಆ ದೇಶದ ಗಿರಾಕಿಗೆ ಪ್ಯಾಕ್ ಮಾಡಿದ ಸಾಮಾನು ಮಾರುವವನು ಯಾವ ಊರಿನವನೇ ಆಗಲಿ, ‘ಲ್ಯೂಸಿಡ್’ ಎಂಬ ಸರ್ಕಾರಿ ದಫ್ತರಿನಲ್ಲಿ ಹೆಸರು ಬರೆಸಿರಲೇಬೇಕು. ಬರೆಸಿದ್ದಾನೋ ಇಲ್ಲವೋ ಎಂದು ನೋಡುವ ಹೊಣೆ ಆನ್‌ಲೈನ್ ಮಾರುಕಟ್ಟೆಗಳ ಮೇಲೂ ಬಿತ್ತು. ನಂಬರು ಇಲ್ಲದಿದ್ದರೆ ಮಾರಾಟ ಬಂದ್!

ಇದು ದಿಢೀರ್ ಬುದ್ಧಿ ಅಲ್ಲ. ಅಲ್ಲಿಯೂ ಮೊದಲು ಕಸ ಎತ್ತುವ ಖರ್ಚು ಊರಿನ ಆಡಳಿತದ ತಲೆ ಮೇಲೇ ಇತ್ತು. ಕಸದ ಗುಂಡಿಗಳು ತುಂಬುತ್ತಾ ಬಂದವು. ಕ್ಲಾಸ್ ಟೋಪ್ಫರ್ ಎಂಬ ಪರಿಸರ ಮಂತ್ರಿ 1991ರಲ್ಲಿ ನಿಯಮ ತಂದು, ಡಬ್ಬಿ ತುಂಬಿ ಮಾರಿದವನೇ ಡಬ್ಬಿ ಎತ್ತುವ ಖರ್ಚನ್ನೂ ಕೊಡಲಿ ಎಂದರು. ಅಂಗಡಿ ಸಾಮಾನಿನ ಮೇಲೆ ಎರಡು ಬಾಣ ಸುತ್ತಿಕೊಂಡ ಹಸಿರು ಗುರುತು ನೋಡಿರಬಹುದು, ಅದು ಹುಟ್ಟಿದ್ದು ಆಗಲೇ. 2019ರಿಂದ ಅಲ್ಲಿ ಇದಕ್ಕೇ ಪ್ರತ್ಯೇಕ ಕಾನೂನು ಇದೆ. ನ್ಯಾಯ ನೋಡಿದರೆ ಸರಿಯೇ. ನಮ್ಮೂರ ಚರಂಡಿ ಕಟ್ಟಿದಾಗ ಖರ್ಚು ಯಾರ ತಲೆಗೆ ಬರುತ್ತದೆ ಹೇಳಿ?

ಮಾಡಬೇಕಾದ ಕೆಲಸ ಎರಡು. ಲ್ಯೂಸಿಡ್‌ನಲ್ಲಿ ಹೆಸರು ಬರೆಸುವುದು ಒಂದು. ಕಚೇರಿ ಓಸ್ನಾಬ್ರೂಕ್ ಎಂಬ ಊರಿನಲ್ಲಿದೆ. ಅರ್ಜಿ ಕಂಪ್ಯೂಟರಿನಲ್ಲೇ ತುಂಬಬಹುದು, ಇಂಗ್ಲಿಷ್ ನಡೆಯುತ್ತದೆ, ಫೀಸು ಇಲ್ಲ. ನಿಮ್ಮ ಬದಲು ಏಜೆಂಟ್ ಹೆಸರು ಬರೆಸುವ ಹಾಗಿಲ್ಲ. ‘ನಾನು ಮಾಡಿಸಿಕೊಡ್ತೀನಿ, ದುಡ್ಡು ಕೊಡಿ’ ಎಂದು ಬಂದವನಿಗೆ ಕೈ ಮುಗಿದು ಕಳಿಸಿ. ಎರಡನೆಯದಕ್ಕೆ ಕೈಯಿಂದ ದುಡ್ಡು ಬಿಚ್ಚಬೇಕು. ಮನೆ ಮನೆಯಿಂದ ಡಬ್ಬಿ, ಕವರು ಕೂಡಿಸಿ ಮರುಬಳಕೆಗೆ ಹಾಕುವ ಕಂಪನಿಗಳು ಅಲ್ಲಿ ಹಲವು ಇವೆ. ಒಂದರ ಜೊತೆ ಕರಾರು ಮಾಡಿಕೊಂಡು ವರ್ಷಕ್ಕೆ ಎಷ್ಟು ಕಿಲೋ ರಟ್ಟು, ಎಷ್ಟು ಪ್ಲಾಸ್ಟಿಕ್ ಕಳಿಸುತ್ತೀರೋ ಅಷ್ಟಕ್ಕೆ ಹಣ ಕಟ್ಟಬೇಕು. ಅದೇ ಲೆಕ್ಕವನ್ನು ಲ್ಯೂಸಿಡ್‌ಗೂ ಒಪ್ಪಿಸಬೇಕು. ಗಮ್ ಟೇಪು, ಒಳಗೆ ತುರುಕಿದ ಕಾಗದ, ಎಲ್ಲವೂ ತೂಕಕ್ಕೆ ಸೇರುತ್ತವೆ. ಒಂದು ಪಾರ್ಸಲ್ಲಿನ ಸುತ್ತು 200 ಗ್ರಾಂ ಎಂದುಕೊಳ್ಳಿ, ವರ್ಷಕ್ಕೆ 200 ಪಾರ್ಸಲ್ ಹೋದರೆ 40 ಕಿಲೋ ಆಯಿತು. ತಕ್ಕಡಿ ಹೇಗೂ ಅಂಗಡಿಯಲ್ಲೇ ಇದೆ, ಮೊದಲ ಪಾರ್ಸಲ್ಲಿನಿಂದಲೇ ಬರೆದಿಡಿ.

ಹೆಸರು ಬರೆಸದಿದ್ದರೆ ದಂಡ 1 ಲಕ್ಷ ಯೂರೋವರೆಗೆ, ಕರಾರು ಇಲ್ಲದಿದ್ದರೆ 2 ಲಕ್ಷ ಯೂರೋವರೆಗೆ. ರೂಪಾಯಿ ಅಲ್ಲ!

ಜರ್ಮನಿಯ ವ್ಯಾಪಾರಿಯೇ ಮೂಟೆಗಟ್ಟಲೆ ತರಿಸಿಕೊಂಡರೆ ಕತೆ ಬೇರೆ. ಗಡಿ ದಾಟುವಾಗ ಮಾಲಿನ ಹೊಣೆ ಯಾರದೋ, ಡಬ್ಬಿಯ ಹೊಣೆಯೂ ಅವರದೇ. ಅದನ್ನು ಬಾಯಿ ಮಾತಿಗೆ ಬಿಡದೆ ಕರಾರಿನಲ್ಲಿ ಬರೆಸಿಕೊಳ್ಳಿ. ಬ್ಯಾಟರಿ ಹಾಕಿ ಮಿಣಮಿಣ ಎನ್ನಿಸುವ ಬೊಂಬೆಯಾದರೆ ವಿದ್ಯುತ್ ಸಾಮಾನಿನ ಬೇರೆ ದಫ್ತರು ಇದೆ. ಅದಕ್ಕೆ ಅಲ್ಲೇ ಇರುವ ಪ್ರತಿನಿಧಿ ಬೇಕು. ಬರೀ ಮರದ ಬೊಂಬೆಗೆ ಅದೊಂದು ತಲೆನೋವು ಇಲ್ಲ.

ನಮ್ಮ ತಕರಾರು ಒಂದೇ. ಈ ಕಾನೂನಿಗೆ ಕೆಳಗಿನ ಮಿತಿ ಇಲ್ಲ. ಒಂದೇ ಒಂದು ಪಾರ್ಸಲ್ ಕಳಿಸಿದವನೂ, ಹಡಗು ತುಂಬ ಕಳಿಸಿದವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ದೊಡ್ಡವರಿಗೆ ಗುಮಾಸ್ತರಿದ್ದಾರೆ. ಮನೆಯಲ್ಲಿ ಲೇತು ಇಟ್ಟುಕೊಂಡ ಕುಶಲಕರ್ಮಿ ಈ ಕಾಗದಕ್ಕೆ ಹೆದರಿ ಮತ್ತೆ ಮಧ್ಯದವನ ಕೈಗೇ ಮಾಲು ಹಾಕಿದರೆ ಕಮಿಷನ್ ಉಳಿಸುವ ಆಸೆ ಅಲ್ಲಿಗೇ ಮುಗಿಯಿತು. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಪಟ್ಟ ಕೊಡಿಸಿದವರು ಈ ಅರ್ಜಿ ತುಂಬುವುದನ್ನೂ ಒಂದು ದಿನ ಕೂರಿಸಿ ಹೇಳಿಕೊಟ್ಟರೆ ಗಂಟು ಹೋಗುವುದೇನಿದೆ?

ಜರ್ಮನಿ ಒಂದಕ್ಕೇ ಮುಗಿಯುವುದಿಲ್ಲ. ಫ್ರಾನ್ಸಿನಲ್ಲಿ 2022ರಿಂದ ಇದಕ್ಕೆ ಬೇರೆ ನಂಬರು ಬೇಕು. ಯುರೋಪ್ ಒಕ್ಕೂಟದ ಎಲ್ಲ ದೇಶಗಳಿಗೂ ಸೇರಿಸಿ ಮಾಡಿದ ಪ್ಯಾಕಿಂಗ್ ಕಾನೂನು 2025ರ ಫೆಬ್ರವರಿ 11ರಂದು ಜಾರಿಗೆ ಬಂತು. ಅದರ ಬಹುಪಾಲು ನಿಯಮಗಳು ಅನ್ವಯವಾಗಲು ಇಟ್ಟ ದಿನ 2026ರ ಆಗಸ್ಟ್ 12. ಅದರಲ್ಲಿ ಇನ್ನೊಂದು ಮಾತಿದೆ. ಪಾರ್ಸಲ್ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇರಕೂಡದು. 2030ಕ್ಕೆ ಮುಂಚೆ ಅದು ಬರುವುದಿಲ್ಲ. ಬಂದಾಗ, ಬೊಂಬೆ ಒಡೆಯದಿರಲಿ ಎಂದು ತುರುಕಿದ ಕಾಗದವನ್ನೂ ಖಾಲಿ ಜಾಗ ಎಂದೇ ಎಣಿಸುತ್ತಾರೆ.