ಸೆಲ್: ಒಂದು ಪುಟ್ಟ ಕೋಣೆಯ ಹೆಸರು

ಇಂಗ್ಲಿಷಿನ ‘ಸೆಲ್’ ಪದಕ್ಕೆ ಜೀವಶಾಸ್ತ್ರದಲ್ಲಿ ಒಂದು ಅರ್ಥ, ಟಾರ್ಚಿನಲ್ಲಿ ಇನ್ನೊಂದು, ಸೆರೆಮನೆಯಲ್ಲಿ ಮತ್ತೊಂದು ಇದ್ದರೂ ಇವೆಲ್ಲವುಗಳ ಬೇರು ಒಂದೇ. ಲ್ಯಾಟಿನ್ ಭಾಷೆಯ ‘ಸೆಲ್ಲಾ’ ಎಂದರೆ ಸಣ್ಣ ಕೋಣೆ. ಕ್ರೈಸ್ತ ಮಠದಲ್ಲಿ ಸಂನ್ಯಾಸಿಯು ಏಕಾಂತವಾಗಿ ವಾಸಿಸುವ ಕೊಠಡಿಗೂ ಜೇನುಹುಟ್ಟಿನ ಒಂದೊಂದು ಕಣ್ಣಿಗೂ ಅದೇ ಹೆಸರು ಸಂದಿತು. ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಕೂಡಿಹಾಕಲು ಬ್ರಿಟಿಷರು ಕಟ್ಟಿದ ಪೋರ್ಟ್ ಬ್ಲೇರಿನ ಸೆಲ್ಯುಲರ್ ಜೈಲಿನ ಹೆಸರಿನಲ್ಲಿರುವುದೂ ಇದೇ ಕೋಣೆ.

ಈ ಪದವನ್ನು ವಿಜ್ಞಾನಕ್ಕೆ ತಂದವನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್. ಸೀಸೆಗೆ ಬಿರಡೆ ಮಾಡಲು ಬಳಸುವ ಕಾರ್ಕ್ ತೊಗಟೆಯನ್ನು ಆತ ಹರಿತವಾದ ಚೂರಿಯಿಂದ ಬಹಳ ತೆಳುವಾಗಿ ಸೀಳಿ, ಬಿಳಿಯ ಸೀಳು ಎದ್ದು ಕಾಣಲೆಂದು ಕಪ್ಪು ಫಲಕದ ಮೇಲಿರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಜೇನುಹುಟ್ಟಿನಂತಹ ಕೋಣೆಗಳು ಕಂಡವು. 1665ರಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಆತ ಇವನ್ನು ಸೆಲ್ ಎಂದು ಕರೆದು, ಒಂದು ಘನ ಅಂಗುಲದಲ್ಲಿ ಇಂಥವು 125 ಕೋಟಿಗೂ ಹೆಚ್ಚಿರುತ್ತವೆಂದು ಲೆಕ್ಕ ಹಾಕಿದನು. ಆದರೆ ಕಾರ್ಕ್ ಸತ್ತ ಅಂಗಾಂಶವಾದುದರಿಂದ ಆತನಿಗೆ ಕಂಡದ್ದು ಬರಿಯ ಗೋಡೆಗಳು, ಒಳಗಿನ ಜೀವವಲ್ಲ. ಸಸ್ಯ ಮತ್ತು ಪ್ರಾಣಿಗಳ ದೇಹವೆಲ್ಲ ಈ ಘಟಕಗಳಿಂದಲೇ ಆಗಿದೆಯೆಂದು ಜರ್ಮನ್ ವಿಜ್ಞಾನಿಗಳಾದ ಶ್ಲೈಡನ್ ಮತ್ತು ಶ್ವಾನ್ ಸಾರಿದ್ದು 1838-39ರಲ್ಲಿ. ಅಷ್ಟರಲ್ಲಿ ಖಾಲಿ ಕೋಣೆಯ ಹೆಸರು ತುಂಬಿದ ಜೀವಕ್ಕೆ ಅಂಟಿಕೊಂಡಿತ್ತು.

ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ತನ್ನು ಕೊಡುವ ಒಂದು ಘಟಕವೂ ಸೆಲ್ಲೇ, ಅಂತಹ ಹಲವು ಸೆಲ್ಲುಗಳ ಜೋಡಣೆಯೇ ಬ್ಯಾಟರಿ. ಹಳ್ಳಿಗಳಲ್ಲಿ ಟಾರ್ಚನ್ನು ‘ಎರಡು ಶೆಲ್ಲಿನ ಬ್ಯಾಟ್ರಿ’ ಎನ್ನುವುದು ಈ ದೃಷ್ಟಿಯಿಂದ ಭೌತಶಾಸ್ತ್ರಕ್ಕೆ ತೀರ ಹತ್ತಿರವಾದ ಮಾತು. ಮೊಬೈಲ್ ಫೋನಿನ ವಿಷಯದಲ್ಲಿ ಸೆಲ್ ಎಂದರೆ ಉಪಕರಣವಲ್ಲ, ನೆಲದ ಒಂದು ತುಂಡು: ಊರನ್ನು ಸಣ್ಣ ಸಣ್ಣ ವಲಯಗಳಾಗಿ ಹಂಚಿ, ಒಂದರಲ್ಲಿ ಬಳಸಿದ ರೇಡಿಯೊ ತರಂಗಾಂತರವನ್ನು ಅದಕ್ಕೆ ತಾಗದಿರುವ ಬೇರೊಂದರಲ್ಲಿ ಮತ್ತೆ ಬಳಸುವ ಈ ಏರ್ಪಾಟನ್ನು 1947ರಲ್ಲಿಯೇ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೋಚಿಸಲಾಗಿತ್ತು. ಕನ್ನಡದ ‘ಜಂಗಮವಾಣಿ’ ಈ ವಲಯವನ್ನು ಬಿಟ್ಟು ಸಂಚಾರವನ್ನು ಹಿಡಿಯಿತು.

ಜೀವಶಾಸ್ತ್ರದ ಸೆಲ್ಲಿಗೆ ಕನ್ನಡವು ಆರಿಸಿಕೊಂಡದ್ದು ‘ಕೋಶ’ವನ್ನು. ಕತ್ತಿಯ ಒರೆ, ಅರಸನ ಬೊಕ್ಕಸ, ಪದಗಳ ನಿಘಂಟು ಎಲ್ಲವೂ ಕೋಶಗಳೇ. ಒಳಗೆ ಬೆಲೆಯುಳ್ಳದ್ದೊಂದು ಇದೆಯೆಂಬ ಭಾವ ಇವೆಲ್ಲದರಲ್ಲಿಯೂ ಉಂಟು. ಹುಕ್ ಕಾಣದೆ ಹೋದ ಜೀವವನ್ನು ಹೆಸರಿನಲ್ಲಿಯೇ ಸೇರಿಸಿಕೊಂಡಿರುವ ‘ಜೀವಕೋಶ’ವು ಮೂಲಪದಕ್ಕಿಂತ ಹೆಚ್ಚು ಒಪ್ಪುವ ಪದ.