‘ಅವರ ರಕ್ತದಾಗ ಐತ್ರಿ’

ಬಾಲ ನ್ಯಾಯ ಮಂಡಳಿಗೆ ಪರಿವೀಕ್ಷಣಾಧಿಕಾರಿ ಸಲ್ಲಿಸುವ ಕಾಗದಕ್ಕೆ ಸಾಮಾಜಿಕ ತನಿಖಾ ವರದಿ ಎಂದು ಹೆಸರು. ಹುಡುಗ ಶಾಲೆ ಬಿಟ್ಟದ್ದೇಕೆ, ಗೆಳೆಯರು ಯಾರು, ಚಟಗಳೇನು, ಕಾಯಿಲೆಗಳೇನು, ಮನೆಯಲ್ಲಿ ಹೊಡೆತ ಬೀಳುತ್ತಿತ್ತೇ, ಮನೆಮಂದಿಯಲ್ಲಿ ಬೇರೆ ಯಾರ ಮೇಲಾದರೂ ಕೇಸಿದೆಯೇ ಎಂದು ಕಾಲಂ ಮೇಲೆ ಕಾಲಂ. ಹುಬ್ಬಳ್ಳಿ ಕಡೆ ನನ್ನ ನೌಕರಿಯ ಬಹುಪಾಲು ಈ ಕಾಲಂ ತುಂಬುವುದರಲ್ಲೇ ಕಳೆಯಿತು. ಸ್ಟೇಷನ್ನಿನ ಹಳೇ ಪೇದೆಗಳಿಗೆ ಮಾತ್ರ ಇಷ್ಟೆಲ್ಲ ಬೇಕಿರಲಿಲ್ಲ. “ಬರಕೊಳ್ರಿ ಮೇಡಂ, ಅವರ ರಕ್ತದಾಗ ಐತ್ರಿ ಅದು” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು.

ಅವರನ್ನು ದೂರಿ ಫಲವಿಲ್ಲ. ಇದೇ ಮಾತನ್ನು ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ ವಿಜ್ಞಾನವೆಂದೇ ಹೇಳಿದ್ದ. ಕಲಾಬ್ರಿಯಾ ಪ್ರಾಂತ್ಯದ ವಿಲೆಲ್ಲಾ ಎಂಬ ಬಡ ಕೈದಿಯ ತಲೆಬುರುಡೆಯ ಹಿಂಭಾಗದೊಳಗೆ ಅವನಿಗೊಂದು ಸಣ್ಣ ತಗ್ಗು ಕಂಡಿತು. ಇದು ಕೆಳದರ್ಜೆಯ ಪ್ರಾಣಿಗಳಲ್ಲಿ ಇರುವಂಥದ್ದು, ಅಪರಾಧಿ ಎಂದರೆ ವಿಕಾಸದಲ್ಲಿ ಹಿಂದೆ ಜಾರಿದ ಮನುಷ್ಯ ಎಂದು ತೀರ್ಮಾನಿಸಿ 1876ರಲ್ಲಿ ಪುಸ್ತಕ ಬರೆದ. ದೊಡ್ಡ ದವಡೆ, ಚಾಚಿದ ಕಿವಿ, ಉದ್ದ ತೋಳು ಎಲ್ಲವೂ ಪುರಾವೆಗಳಾದವು. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3000 ಕೈದಿಗಳನ್ನು ಅಳೆದು, ಜೈಲಿನ ಹೊರಗಿನವರ ಜೊತೆ ಹೋಲಿಸಿ ನೋಡಿದ. ಅಪರಾಧಿಗೆಂದೇ ಬೇರೆ ಮೈಕಟ್ಟು ಇಲ್ಲವೆಂದು 1913ರಲ್ಲಿ ಬರೆದ. ಮೈಕಟ್ಟಿನಲ್ಲಿ ಅವನಿಗೆ ಕಂಡ ವ್ಯತ್ಯಾಸವೆಂದರೆ, ಕೈದಿಗಳು ತುಸು ಕುಳ್ಳಗಿದ್ದರು, ತೂಕವೂ ಕಡಿಮೆಯಿತ್ತು. ಹೊಟ್ಟೆಗೆ ಸರಿಯಾಗಿ ಬೀಳದ ಮನೆಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ವಿಲೆಲ್ಲಾನ ಬುರುಡೆ ಈಗಲೂ ಟ್ಯೂರಿನ್ನಿನ ಮ್ಯೂಸಿಯಂನಲ್ಲಿದೆ. ಹೂಳಲು ಕೊಡಿ ಎಂದು ಅವನ ಊರಿನವರು ಕೋರ್ಟಿಗೆ ಹೋಗಿ ಸೋತರು. ಲೊಂಬ್ರೋಸೊನ ಅಸ್ಥಿಪಂಜರವೂ ಅದೇ ಮ್ಯೂಸಿಯಂನಲ್ಲಿ ನಿಂತಿದೆ.

ನಮ್ಮಲ್ಲಿ ಬ್ರಿಟಿಷರು ಆ ಪುಸ್ತಕ ಬರುವ ತನಕವೂ ಕಾಯಲಿಲ್ಲ. 1871ರಲ್ಲೇ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು, ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡಲು ದಾರಿ ಮಾಡಿಕೊಂಡರು. ಉತ್ತರ ಭಾರತದಲ್ಲಿ ಶುರುವಾದದ್ದು ಮುಂದೆ ಮುಂಬೈ ಪ್ರಾಂತ್ಯಕ್ಕೂ ಬಂತು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಹರಣಶಿಕಾರಿ, ಘಂಟಿಚೋರ ಮುಂತಾದ ಜನರನ್ನು ತಂದು ಕೂಡಿಹಾಕಿದ ಜಾಗಗಳಿಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ಆಗ ಅಲ್ಲಿದ್ದವರು ಹಾಜರಿ ಹೇಳಬೇಕಿತ್ತು, ಚೀಟಿಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು. ಜೈಲು ಕೈಪಿಡಿಗಳಲ್ಲಿ ಈ ಸಮುದಾಯಗಳನ್ನು ಬೇರೆಯಾಗಿ ಕಾಣುವ ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ!

ಹೀಗೆಂದು ಜೀವಶಾಸ್ತ್ರವನ್ನೇ ಬಾಗಿಲಾಚೆ ನಿಲ್ಲಿಸುವವಳು ನಾನಲ್ಲ. ಮೊಬೈಲ್ ಕದ್ದ ಕೇಸಿನಲ್ಲಿ ಬಂದಿದ್ದ ಒಬ್ಬ ಹುಡುಗ ನೆನಪಾಗುತ್ತಾನೆ. ಕೇಳಿದ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದ, ಕುಂತಲ್ಲಿ ಕೂರುತ್ತಿರಲಿಲ್ಲ. ಹಣೆಯ ಮೇಲೆ ಕೂದಲಿನೊಳಗೆ ಹೋಗುವಷ್ಟು ಉದ್ದದ ಹೊಲಿಗೆ ಗುರುತು. ತಾಯಿ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಆರಿಸಲು ಹೋಗುವವಳು. “ಇವರಪ್ಪ ಕುಡದು ಬಂದು ಕಟಗಿ ತಗೊಂಡು ಹೊಡದಿದ್ರಿ, ಇಂವ ಆಗ ಒಂದ್ನೇತ್ತೆ” ಎಂದಳು. ಹಣೆಯ ಹಿಂದಿನ ಮಿದುಳಿನ ಭಾಗವೇ ಮನುಷ್ಯನಿಗೆ ‘ತಡಿ, ಬ್ಯಾಡ’ ಎಂದು ಹೇಳುವುದು. ಇಪ್ಪತ್ತು ದಾಟಿದ ಮೇಲೂ ಕೆಲವು ವರ್ಷ ಅದು ಬಲಿಯುತ್ತಲೇ ಇರುತ್ತದೆ. ಅಲ್ಲಿ ಪೆಟ್ಟಾದವರು ದುಡುಕುವುದು ವೈದ್ಯರಿಗೆ ಹೊಸದಲ್ಲ. ಇವನ ಮಿದುಳಿಗೆ ಪೆಟ್ಟಾಗಿತ್ತೋ ಇಲ್ಲವೋ ಸ್ಕ್ಯಾನ್ ಇಲ್ಲದೆ ಹೇಳಲಾಗದು. ಆದರೆ ಆ ಕಟ್ಟಿಗೆಯ ಏಟನ್ನು ಯಾವ ಕಾಲಂನಲ್ಲಿ ಬರೆಯಬೇಕಿತ್ತು? ಆರೋಗ್ಯದಲ್ಲೋ, ಕುಟುಂಬದಲ್ಲೋ? ಎರಡರಲ್ಲೂ ಬರೆದೆ.

ಸಂಶೋಧಕರೂ ಈಗ ಎರಡರಲ್ಲೂ ಬರೆಯುತ್ತಿದ್ದಾರೆ. ನ್ಯೂಜಿಲೆಂಡಿನ ಡನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1037 ಮಕ್ಕಳನ್ನು ಇವತ್ತಿಗೂ ಬೆನ್ನುಬಿಡದೆ ಗಮನಿಸುತ್ತ ಬಂದ ಅಧ್ಯಯನವೊಂದಿದೆ. ಅದರಲ್ಲಿನ 442 ಗಂಡುಮಕ್ಕಳ ಎಂಎಒಎ ಎಂಬ ಜೀನನ್ನು ಅವ್ಶಲೋಮ್ ಕ್ಯಾಸ್ಪಿ, ಟೆರಿ ಮೊಫಿಟ್ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಸೆರೊಟೋನಿನ್, ಡೋಪಮೈನ್‌ನಂಥ ಮಿದುಳಿನ ರಾಸಾಯನಿಕಗಳನ್ನು ಒಡೆಯುವ ಕಿಣ್ವ ಈ ಜೀನಿನಿಂದ ಬರುತ್ತದೆ. ಕೆಲವರಲ್ಲಿ ಅದು ಚುರುಕು, ಕೆಲವರಲ್ಲಿ ಮಂದ. ಮಂದ ಜೀನು ಇದ್ದೂ ಚೆನ್ನಾಗಿ ಬೆಳೆದ ಹುಡುಗರು ಎಲ್ಲರಂತೆಯೇ ಇದ್ದರು. ಮಂದ ಜೀನಿನ ಜೊತೆಗೆ ಬಾಲ್ಯದಲ್ಲಿ ಹೊಡೆತ-ಹಿಂಸೆಯೂ ಕೂಡಿದ್ದವರು ನೂರಕ್ಕೆ 12 ಮಂದಿ. ಆದರೆ ಇಡೀ ಗುಂಪಿನಲ್ಲಿ ಹಿಂಸೆಯ ಅಪರಾಧಗಳಿಗಾದ ಶಿಕ್ಷೆಗಳಲ್ಲಿ ಶೇ. 44 ಇವರ ಪಾಲಿನವು. ಮುಂದೆ ಬೇರೆಯವರು ಮಾಡಿದ ಪರೀಕ್ಷೆಗಳೆಲ್ಲ ಇಷ್ಟೇ ಗಟ್ಟಿಯಾಗಿ ಬಂದಿಲ್ಲ. ಎಲ್ಲವನ್ನೂ ಒಟ್ಟುಗೂಡಿಸಿದಾಗ ಈ ನಂಟು ಗಂಡುಮಕ್ಕಳ ಮಟ್ಟಿಗೆ ನಿಲ್ಲುತ್ತದೆ. ಯುರೋಪ್ ಮೂಲದ ಗಂಡಸರಲ್ಲಿ ಮೂವರಲ್ಲೊಬ್ಬರಿಗೆ ಈ ಮಂದ ಜೀನಿದೆ. ಅದೊಂದೇ ಸಾಕಾಗುವಂತಿದ್ದರೆ ಅಲ್ಲಿ ಜೈಲು ಕಟ್ಟಲು ಜಾಗ ಸಾಲುತ್ತಿರಲಿಲ್ಲ.

ಇಟಲಿಯ ಟ್ರಿಯೆಸ್ಟೆಯ ಮೇಲ್ಮನವಿ ಕೋರ್ಟು 2009ರಲ್ಲಿ ಇದೇ ಜೀನನ್ನು ಗಣನೆಗೆ ತೆಗೆದುಕೊಂಡು ಕೊಲೆಗಾರನೊಬ್ಬನ ಶಿಕ್ಷೆಯಲ್ಲಿ ಒಂದು ವರ್ಷ ಕಡಿಮೆ ಮಾಡಿತು. ನನಗೆ ಆ ತೀರ್ಪು ಹಿಡಿಸಲಿಲ್ಲ. ಇವತ್ತು ಶಿಕ್ಷೆ ಇಳಿಸಿದ ಅದೇ ರಿಪೋರ್ಟನ್ನು ನಾಳೆ ಇನ್ನೊಬ್ಬ ನ್ಯಾಯಾಧೀಶರು ‘ಇವನು ಸುಧಾರಿಸುವವನಲ್ಲ’ ಎಂದು ಓದಬಹುದು.

ಮೊಫಿಟ್ 1993ರಲ್ಲಿ ಹೇಳಿದ ಇನ್ನೊಂದು ಮಾತು ನಮ್ಮ ಕೆಲಸಕ್ಕೆ ಹೆಚ್ಚು ಒದಗುತ್ತದೆ. ತಪ್ಪು ಮಾಡುವ ಹುಡುಗರಲ್ಲಿ ಬಹುಪಾಲು ಹರೆಯದಲ್ಲಿ ಶುರುಮಾಡಿ, ಹರೆಯ ದಾಟುತ್ತಲೇ ಬಿಡುವವರು. ಚಿಕ್ಕಂದಿನಿಂದ ಕೊನೆಯವರೆಗೆ ಅದೇ ದಾರಿ ಹಿಡಿಯುವವರು ತೀರ ಕೆಲವರು. ಹಾಗಿದ್ದ ಮೇಲೆ, ಬಿಡುವ ವಯಸ್ಸು ಬರುವ ತನಕ ಹುಡುಗನಿಗೆ ಶಾಲೆಯೋ ಕೆಲಸವೋ ಇರಬೇಕಲ್ಲ?

ತೊಡಕು ಅಲ್ಲೇ. ಆ ಮೊಬೈಲ್ ಕೇಸಿನ ಹುಡುಗನನ್ನು ಮತ್ತೆ ಎಂಟನೇತ್ತೆಗೆ ಸೇರಿಸಲು ತಾಯಿಯ ಜೊತೆ ಹೋದಾಗ ಮುಖ್ಯೋಪಾಧ್ಯಾಯರು ನಡತೆ ಪ್ರಮಾಣಪತ್ರ ಕೇಳಿದರು. “ಉಳಿದ ಮಕ್ಕಳ ಪಾಲಕರಿಗೆ ನಾ ಏನ್ ಹೇಳ್ಲಿ?” ಎಂದರು. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ನಿನ ಪ್ರತಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತಿತ್ತು. ಕೇಸಾಯಿತೆಂಬ ಕಾರಣಕ್ಕೆ ಮಗುವಿಗೆ ಯಾವ ಅನರ್ಹತೆಯೂ ತಟ್ಟಬಾರದು ಎನ್ನುವ ಸಾಲಿನ ಕೆಳಗೆ ಗೆರೆ ಎಳೆದಿಟ್ಟಿದ್ದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಜೂನ್ ಹತ್ತರೊಳಗೆ ಟಿಸಿ ತಂದುಕೊಡಲು ಹೇಳಿದರು.